ಮುನ್ಸೂಚನೆ

ಹೈದರಾಲಿಯ ಸೇನೆ ಚಿತ್ರದುರ್ಗದ ಕೋಟೆಯನ್ನು ಮುತ್ತಿದ್ದಾಗ, ನೀರಿಗೆಂದು ಹೋದ ಓಬವ್ವ ಕಿಂಡಿಯ ಬಳಿ ಸಪ್ಪಳವನ್ನು ಆಲಿಸಿದಳೆಂಬುದು ಐತಿಹ್ಯ. ಸಪ್ಪಳ ಸಣ್ಣದು, ಅದರ ಹಿಂದಿದ್ದ ಅಪಾಯ ದೊಡ್ಡದು. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ಆಕೆಗೆ ಸಲ್ಲಲಿಲ್ಲ. ಸಣ್ಣ ಸಪ್ಪಳವನ್ನು ಅರಿಯುವ ಈ ಎಚ್ಚರ ಯುದ್ಧಕಾಲಕ್ಕೆ ಮಾತ್ರ ಮೀಸಲಾದುದಲ್ಲ.

ಹೊಳಲ್ಕೆರೆಯ ಅಡಿಕೆ ವರ್ತಕರ ಲೆಕ್ಕ, ಹೊಸದುರ್ಗದ ಛಾಯಾಗ್ರಾಹಕರು ತೆಗೆದ ಮದುವೆಯ ಚಿತ್ರಗಳು, ಹಿರಿಯೂರಿನ ಶಾಲೆಗಳ ಅಂಕಪಟ್ಟಿಗಳು ಇಂದು ಕಾಗದದ ಕಡತಗಳನ್ನು ಬಿಟ್ಟು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಸೇರಿವೆ. ಡಿಸ್ಕ್ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಅದರಲ್ಲಿದ್ದುದನ್ನು ಕೊಳ್ಳಲು ಯಾವ ಅಂಗಡಿಯಲ್ಲಿಯೂ ಸಾಧ್ಯವಿಲ್ಲ.

ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದಿತು. ಅದರ 50 ತಟ್ಟೆಗಳಲ್ಲಿ ಸುಮಾರು 50 ಲಕ್ಷ ಅಕ್ಷರಗಳಷ್ಟೇ ಹಿಡಿಯುತ್ತಿದ್ದವು. ಇಂದಿನ ಡಿಸ್ಕ್ ಅಂಗೈಯಗಲದ್ದಾದರೂ ಅದರ ತತ್ತ್ವ ಅದೇ. ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ಓದು-ಬರಹದ ಮೊನೆ ತೇಲುತ್ತದೆ. ಒಂದು ಧೂಳಿನ ಕಣ, ಒಂದು ಪೆಟ್ಟು ಸಾಕು. ಮೊನೆ ತಟ್ಟೆಯನ್ನು ಗೀಚಬಹುದು.

ಇಂತಹ ಯಂತ್ರ ಅನೇಕ ವೇಳೆ ಕೆಡುವ ಮುನ್ನ ಸುಳಿವು ನೀಡುತ್ತದೆ. ಟಕ್ ಟಕ್ ಎಂಬ ಸದ್ದು ಮತ್ತೆ ಮತ್ತೆ ಕೇಳಿಸುವುದು, ಕ್ಷಣದಲ್ಲಿ ತೆರೆಯುತ್ತಿದ್ದ ಕಡತಕ್ಕೆ ನಿಮಿಷಗಳು ಹಿಡಿಯುವುದು, ಕೆಲವು ಕಡತಗಳು ತೆರೆಯದಿರುವುದು, ಕಂಪ್ಯೂಟರ್ ಪದೇ ಪದೇ ಸ್ತಬ್ಧವಾಗುವುದು ಇವೇ ಆ ಸುಳಿವುಗಳು. ತಟ್ಟೆಯ ಒಂದು ಭಾಗ ಹಾಳಾದಾಗ ಡಿಸ್ಕ್ ತನ್ನಲ್ಲಿ ಕಾದಿರಿಸಿದ ಬದಲಿ ಜಾಗವನ್ನು ಬಳಸುತ್ತದೆ ಮತ್ತು ಆ ಲೆಕ್ಕವನ್ನು ಇಡುತ್ತದೆ. ಆ ಲೆಕ್ಕ ಏರುತ್ತಿದ್ದರೆ ಅದೂ ಅಪಾಯದ ಗುರುತು.

ಸುಳಿವು ಕಂಡಾಗ ಮಾಡಬೇಕಾದುದೇನು? ಹೊಸದಾಗಿ ಏನನ್ನೂ ಅದರಲ್ಲಿ ಬರೆಯಬಾರದು. ಬೇರೆಲ್ಲಿಯೂ ಪ್ರತಿಯಿಲ್ಲದ, ಅತ್ಯಂತ ಬೆಲೆಯುಳ್ಳ ಕಡತಗಳನ್ನು ಮೊದಲು ಮತ್ತೊಂದು ಡಿಸ್ಕಿಗೆ ನಕಲು ಮಾಡಬೇಕು, ಉಳಿದವು ಅನಂತರ. ನಕಲಿಗೆ ಮೊದಲೇ ದುರಸ್ತಿಗೆ ಕೈಹಾಕುವುದು ತಪ್ಪು. ದುರಸ್ತಿಯ ಕಾರ್ಯಕ್ರಮವು ಸೋತ ಡಿಸ್ಕನ್ನು ಆದ್ಯಂತವಾಗಿ ದುಡಿಸುತ್ತದೆ. ಉಜ್ಜುವಂತಹ ಸದ್ದು ಕೇಳಿದರೆ ನಕಲನ್ನೂ ಮಾಡಹೋಗದೆ ಕೂಡಲೆ ವಿದ್ಯುತ್ತನ್ನು ನಿಲ್ಲಿಸಿ ತಜ್ಞರ ಬಳಿಗೆ ಒಯ್ಯಬೇಕು. ಕುತೂಹಲದಿಂದ ಮುಚ್ಚಳ ತೆರೆದರೆ ಧೂಳು ಒಳನುಗ್ಗಿ ಉಳಿದ ಆಸೆಯೂ ಕಮರುತ್ತದೆ. ನಕಲಾದ ಕಡತಗಳು ಸರಿಯಾಗಿ ತೆರೆಯುವುವೇ ಎಂದು ಪರೀಕ್ಷಿಸದೆ ಹಳೆಯದನ್ನು ಎಸೆಯಲಾಗದು.

ಎಲ್ಲ ಡಿಸ್ಕುಗಳೂ ಸುಳಿವು ನೀಡುವುದಿಲ್ಲ. ತಿರುಗುವ ತಟ್ಟೆಗಳಿಲ್ಲದ ಹೊಸ ಬಗೆಯವು ಸದ್ದಿಲ್ಲದೆ ಒಮ್ಮೆಲೇ ನಿಂತುಹೋಗಬಹುದು. ಆದುದರಿಂದ ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಬೇಕು.

ಪ್ರತಿ ಮಾಡುವ ಈ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನವಿದೆ. ವಿದ್ವಾಂಸ ಎಂ. ಎಚ್. ಕೃಷ್ಣ ಅವರು ಅದನ್ನು ಓದಿ ಪ್ರಕಟಿಸಿದರು. ಆದರೆ ಸವೆದ ಅಕ್ಷರಗಳನ್ನು ಮುಂದಿನ ವಿದ್ವಾಂಸರು ಬೇರೆ ಬಗೆಯಾಗಿ ಓದಿದರು. ಕಲ್ಲಿನ ಬರಹವೂ ಸವೆಯುತ್ತದೆ. ಇತ್ತ, ಕಲ್ಲಿಗಿಂತ ಎಷ್ಟೋ ದುರ್ಬಲವಾದ ತಾಳೆಗರಿಯ ಮೇಲಿದ್ದ ಪಂಪನ ಕಾವ್ಯಗಳು ಸಾವಿರ ವರ್ಷಗಳನ್ನು ದಾಟಿ ಬಂದಿವೆ. ಗರಿ ಜೀರ್ಣವಾಗುವ ಮುನ್ನ ಹೆಸರರಿಯದ ಲಿಪಿಕಾರರು ಹೊಸ ಗರಿಗೆ ಪ್ರತಿ ಮಾಡುತ್ತ ಬಂದುದೇ ಅದಕ್ಕೆ ಕಾರಣ. ಬರಹವನ್ನು ಉಳಿಸುವುದು ಅದನ್ನು ಹೊತ್ತ ವಸ್ತುವಿನ ಗಟ್ಟಿತನವಲ್ಲ, ಅದನ್ನು ಕಾಯುವವರ ಎಚ್ಚರ.