ಹುಳುಕಡ್ಡಿ: ಗುರುತಿಸುವ ಬಗೆ, ಗುಣಪಡಿಸುವ ಬಗೆ

ಮಳೆಗಾಲ ಆರಂಭವಾಯಿತೆಂದರೆ ಚಿಕಿತ್ಸಾಲಯಗಳಿಗೆ ತುರಿಕೆಯ ರೋಗಿಗಳು ಹೆಚ್ಚಾಗಿ ಬರುತ್ತಾರೆ. ಅವರಲ್ಲಿ ಅನೇಕರನ್ನು ಕಾಡುವ ವ್ಯಾಧಿ ಹುಳುಕಡ್ಡಿ. ಇದನ್ನು ಗಜಕರ್ಣವೆಂದೂ ತದ್ದು ಎಂದೂ ಕರೆಯುವುದುಂಟು. ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೂ ಹುಳುವಿಗೂ ಸಂಬಂಧವಿಲ್ಲ. ಇದಕ್ಕೆ ಕಾರಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಗೆ ಸೇರಿದ ಸೂಕ್ಷ್ಮಜೀವಿ. ಚರ್ಮದ ಹೊರಪದರ, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರ ಆಹಾರ. ಬೆವರು, ತೇವ ಮತ್ತು ಬಿಗಿಯುಡುಪು ಇದರ ಬೆಳವಣಿಗೆಗೆ ಅನುಕೂಲ.

ಆಯುರ್ವೇದವು ಈ ವ್ಯಾಧಿಯನ್ನು 'ದದ್ರು' ಎಂದು ಹೆಸರಿಸಿದೆ. ಹದಿನೆಂಟು ಬಗೆಯ ಕುಷ್ಠಗಳಲ್ಲಿ ಚರಕಾಚಾರ್ಯರು ಇದನ್ನು ಕ್ಷುದ್ರಕುಷ್ಠಗಳ ಸಾಲಿನಲ್ಲಿಯೂ ಸುಶ್ರುತಾಚಾರ್ಯರು ಮಹಾಕುಷ್ಠಗಳ ಸಾಲಿನಲ್ಲಿಯೂ ಸೇರಿಸಿದ್ದಾರೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಶಾಸ್ತ್ರದಲ್ಲಿ 'ಕುಷ್ಠ' ಎಂಬ ಪದಕ್ಕೆ ಚರ್ಮರೋಗಗಳೆಂಬ ವಿಶಾಲಾರ್ಥವಿದೆ. ಜನರು ಭಯಪಡುವ ಕುಷ್ಠರೋಗ ಇದಲ್ಲ. ಆದ್ದರಿಂದ ಹುಳುಕಡ್ಡಿಯಾದವರನ್ನು ದೂರವಿಡುವುದು ಅಜ್ಞಾನ.

ಗುರುತಿಸುವುದು ಹೇಗೆ?

ಮೊದಲು ಒಂದು ಸಣ್ಣ ಕೆಂಪು ಗುಳ್ಳೆ ಕಾಣುತ್ತದೆ. ಅದು ದಿನೇ ದಿನೇ ಬಳೆಯಾಕಾರದಲ್ಲಿ ಹರಡುತ್ತದೆ. ಅಂಚು ಉಬ್ಬಿ, ಕೆಂಪಾಗಿ, ಹೊಟ್ಟಿನಿಂದ ಕೂಡಿರುತ್ತದೆ. ನಡುಭಾಗ ತಿಳಿಯಾಗುತ್ತಾ ಬರುತ್ತದೆ. ಬೆವರಿದಾಗ ತುರಿಕೆ ಹೆಚ್ಚುತ್ತದೆ. ತೊಡೆಸಂದು, ಸೊಂಟ, ಕಂಕುಳು ಮತ್ತು ಸ್ತನದ ಕೆಳಭಾಗ ಇದು ಹೆಚ್ಚಾಗಿ ಕಾಣುವ ಸ್ಥಳಗಳು. ಕೆಸರಿನಲ್ಲಿ ದುಡಿಯುವವರಿಗೆ ಕಾಲ್ಬೆರಳ ಸಂದುಗಳಲ್ಲಿ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ.

ದುಂಡಗಿರುವ ಮಚ್ಚೆಗಳೆಲ್ಲವೂ ಹುಳುಕಡ್ಡಿಯಲ್ಲ. ಮೊಣಕೈ, ಮೊಣಕಾಲುಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ದಪ್ಪ ಹೊಟ್ಟಿದ್ದರೆ ಅದು ಸೋರಿಯಾಸಿಸ್ ಆಗಿರಬಹುದು. ತುರಿಕೆಯಿಲ್ಲದೆ, ಮುಟ್ಟಿದರೂ ಚುಚ್ಚಿದರೂ ಅರಿವಾಗದ ಮಚ್ಚೆಯಿದ್ದರೆ ತಡಮಾಡದೆ ಕುಷ್ಠರೋಗದ ತಪಾಸಣೆ ಮಾಡಿಸಬೇಕು. ಸಂಶಯವಿದ್ದಲ್ಲಿ ಮಚ್ಚೆಯ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬೆರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇದು ಸರಳವಾದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ.

ತಲೆಯ ಹುಳುಕಡ್ಡಿ: ನಾನು ಕಲಿತ ಪಾಠ

ತಲೆಗೆ ಬರುವ ಹುಳುಕಡ್ಡಿ ಬಹುತೇಕ ಮಕ್ಕಳನ್ನೇ ಹಿಡಿಯುತ್ತದೆ. ಅಲ್ಲಲ್ಲಿ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ಉಳಿಯುತ್ತವೆ, ಹೊಟ್ಟು ಏಳುತ್ತದೆ, ಕತ್ತಿನ ಹಿಂಭಾಗದಲ್ಲಿ ಗಡ್ಡೆಗಳು ಕೈಗೆ ಸಿಗುತ್ತವೆ.

ನಾನು ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿನಿಲಯದ ಒಬ್ಬ ಬಾಲಕನನ್ನು ಕರೆತಂದಿದ್ದರು. ಅವನ ನೆತ್ತಿಯ ಮೇಲೆ ರೂಪಾಯಿಯಗಲದ ಮಚ್ಚೆಯಿತ್ತು. ಬೇವಿನ ಎಣ್ಣೆಯ ಲೇಪನವನ್ನೂ ಕಷಾಯವನ್ನೂ ಕೊಟ್ಟು ಮೂರು ವಾರ ಕಾಯಿಸಿದೆ. ಅಷ್ಟರಲ್ಲಿ ಮಚ್ಚೆ ಬಾತು, ಮೆತ್ತಗಾಗಿ, ಕೀವು ಸೋರತೊಡಗಿತು. ಚರ್ಮತಜ್ಞರಲ್ಲಿಗೆ ಕಳುಹಿಸಿದಾಗ ಅವರು ನುಂಗುವ ಔಷಧಿಯಿಂದ ರೋಗವನ್ನು ಗುಣಪಡಿಸಿದರು. ಆದರೆ ಆ ಸ್ಥಳದಲ್ಲಿ ಗಾಯದ ಕಲೆ ಉಳಿದು ಕೂದಲು ಮತ್ತೆ ಬರಲಿಲ್ಲ. ಎಣ್ಣೆಯಾಗಲಿ ಮುಲಾಮಾಗಲಿ ಕೂದಲಿನ ಬೇರಿನೊಳಗೆ ಅಡಗಿದ ಶಿಲೀಂಧ್ರವನ್ನು ಮುಟ್ಟಲಾರದೆಂಬುದನ್ನು ಆ ಬಾಲಕನ ತಲೆ ನನಗೆ ಕಲಿಸಿತು. ಮಕ್ಕಳ ತಲೆಯ ಹುಳುಕಡ್ಡಿಗೆ ಗ್ರೈಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ವಾರ ಕೊಡಲೇಬೇಕು. ನಮ್ಮ ಶಾಸ್ತ್ರದ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ. ಬಾತ ಭಾಗವನ್ನು ಕೀವಿನ ಕುರುವೆಂದು ತಿಳಿದು ಕೊಯ್ಯಿಸಲೂ ಬಾರದು.

ತಲೆಹೊಟ್ಟು ಬೇರೆ; ಆಯುರ್ವೇದದ 'ದಾರುಣಕ' ಅದನ್ನು ಹೋಲುತ್ತದೆ. ಇದಕ್ಕೆ ಸಂಬಂಧಿಸಿದ ಮಲಸೇಜಿಯಾ ಎಂಬ ಶಿಲೀಂಧ್ರವು ಚರ್ಮದ ಜಿಡ್ಡನ್ನು ಆಶ್ರಯಿಸಿ ಬೆಳೆಯುತ್ತದೆ. ಆದ್ದರಿಂದ ಹೊಟ್ಟಿರುವವರು ರಾತ್ರಿಯಿಡೀ ತಲೆಗೆ ಎಣ್ಣೆ ಬಿಡದಿರುವುದು ಒಳಿತು. ಕೀಟೊಕೊನಜೋಲ್ ಶ್ಯಾಂಪೂವನ್ನು ವಾರಕ್ಕೆ ಎರಡು ಬಾರಿ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು.

ಚಿಕಿತ್ಸೆ

ಮೈಮೇಲಿನ ಸಣ್ಣ ಮಚ್ಚೆಗೆ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಮುಲಾಮು ಸಾಕು. ಮಚ್ಚೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ಮಚ್ಚೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ತುರಿಕೆ ನಿಂತೊಡನೆ ಔಷಧಿ ಬಿಡುವುದೇ ರೋಗ ಮರುಕಳಿಸಲು ಮುಖ್ಯ ಕಾರಣ.

ತಗಚೆ ಗಿಡಕ್ಕೆ ಸಂಸ್ಕೃತದಲ್ಲಿ ಚಕ್ರಮರ್ದವೆಂಬ ಹೆಸರಿನ ಜೊತೆಗೆ ದದ್ರುಘ್ನವೆಂಬ ಹೆಸರೂ ಇದೆ. ಅದರ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ಅರೆದು ಲೇಪಿಸುವುದು ಸಾಂಪ್ರದಾಯಿಕ ವಿಧಾನ. ಮೊದಲು ಸಣ್ಣ ಜಾಗದಲ್ಲಿ ಹಚ್ಚಿ ನೋಡಬೇಕು, ಉರಿಯಾದರೆ ತೊಳೆಯಬೇಕು. ಗಂಧಕ ರಸಾಯನ, ಆರೋಗ್ಯವರ್ಧಿನಿಯಂಥ ಔಷಧಿಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಬೆಳ್ಳುಳ್ಳಿ, ಸೀಮೆಎಣ್ಣೆಗಳನ್ನು ಹಚ್ಚಿ ಚರ್ಮವನ್ನು ಸುಟ್ಟುಕೊಳ್ಳಬೇಡಿ.

ಇಂದಿನ ದೊಡ್ಡ ಅಪಾಯವೆಂದರೆ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮಿಶ್ರಿತ ಮುಲಾಮು. ಬೆಟಮೆಥಾಸೋನ್, ಕ್ಲೋಬೆಟಸಾಲ್‌ಗಳು ಎರಡೇ ದಿನಗಳಲ್ಲಿ ತುರಿಕೆ ತಗ್ಗಿಸುತ್ತವೆ. ಆದರೆ ಒಳಗೊಳಗೇ ಶಿಲೀಂಧ್ರ ಹರಡುತ್ತದೆ, ಚರ್ಮ ತೆಳುವಾಗುತ್ತದೆ, ರೋಗದ ರೂಪವೇ ಬದಲಾಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. 2020ರಲ್ಲಿ ವಿಜ್ಞಾನಿಗಳು ಹೆಸರಿಸಿದ ಟ್ರೈಕೋಫೈಟನ್ ಇಂಡೋಟಿನಿಯೇ ಎಂಬ ಶಿಲೀಂಧ್ರ ಅನೇಕ ವೇಳೆ ಟರ್ಬಿನಾಫಿನ್‌ಗೂ ಬಗ್ಗುವುದಿಲ್ಲ. ಕೊಳವೆಯ ಮೇಲಿನ ಹೆಸರುಗಳನ್ನು ಓದದೆ ಯಾವ ಮುಲಾಮನ್ನೂ ಹಚ್ಚಬೇಡಿ.

ಮನೆಯಲ್ಲಿ ಪಾಲಿಸಬೇಕಾದುದು

ಟವೆಲು, ಬಾಚಣಿಗೆ, ಒಳಉಡುಪು, ಹಾಸಿಗೆಗಳನ್ನು ಪ್ರತ್ಯೇಕವಾಗಿಡಬೇಕು. ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಸ್ನಾನದ ನಂತರ ಸಂದುಗಳನ್ನು ಪೂರ್ಣವಾಗಿ ಒರೆಸಬೇಕು. ಸೊಂಟದ ಉಡಿದಾರ ಸದಾ ಒದ್ದೆಯಾಗಿರುವುದರಿಂದ ರೋಗ ವಾಸಿಯಾಗುವವರೆಗೆ ತೆಗೆದಿಡುವುದು ಲೇಸು. ಮನೆಯಲ್ಲಿ ಇಬ್ಬರಿಗೆ ರೋಗವಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು. ಕರು, ಬೆಕ್ಕು, ನಾಯಿಗಳ ಮೈಯಲ್ಲಿ ಕೂದಲುದುರಿದ ಮಚ್ಚೆಗಳಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಪದೇ ಪದೇ ಮರುಕಳಿಸುವವರು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.

ಮಕ್ಕಳು ಒಟ್ಟಾಗಿ ವಾಸಿಸುವ ವಿದ್ಯಾರ್ಥಿನಿಲಯಗಳಲ್ಲಿ ತಿಂಗಳಿಗೊಮ್ಮೆ ಎಲ್ಲರ ತಲೆಗಳನ್ನು ಬೆಳಕಿನಲ್ಲಿ ನೋಡುವ ಪರಿಪಾಠವಿರಲಿ. ಒಂದು ಮಗುವಿನ ತಲೆಯಲ್ಲಿ ಮಚ್ಚೆ ಕಂಡರೆ ಅದನ್ನು ಗದರಿಸದೆ, ಆ ವಾರವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಕಾಲದಲ್ಲಿ ಚಿಕಿತ್ಸೆ ದೊರೆತ ಮಗುವಿನ ತಲೆಯಲ್ಲಿ ಸಾಮಾನ್ಯವಾಗಿ ಕೂದಲು ಮತ್ತೆ ತುಂಬಿ ಬರುತ್ತದೆ.