ಇಂಗ್ಲೆಂಡಿನಲ್ಲಿ ಹೌಸಿಂಗ್ ಅಸೋಸಿಯೇಷನ್ ಮನೆ: ಅರ್ಜಿಗೆ ಮೊದಲು ವೀಸಾ ನೋಡಿಕೊಳ್ಳಿ

ಇಂಗ್ಲೆಂಡಿನಲ್ಲಿ ಮನೆ ಹುಡುಕುತ್ತಿರುವ ನಮ್ಮವರಿಗೆ ಹೌಸಿಂಗ್ ಅಸೋಸಿಯೇಷನ್ ಮನೆಯ ಬಾಡಿಗೆ ಕೇಳಿದರೆ ಆಸೆಯಾಗುವುದು ಸಹಜ. ‘ಸೋಷಿಯಲ್ ರೆಂಟ್’ ಮಾರುಕಟ್ಟೆ ದರದ ಸುಮಾರು ಅರ್ಧ, ‘ಅಫೋರ್ಡಬಲ್ ರೆಂಟ್’ ಹೆಚ್ಚೆಂದರೆ ಶೇ 80. ಈ ಸಂಸ್ಥೆಗಳಲ್ಲಿ ಬಹುಪಾಲು ಲಾಭಕ್ಕಾಗಿ ನಡೆಯುವಂಥವಲ್ಲ. ಲಂಡನ್ನಿನ ಪೀಬಾಡಿ ಸಂಸ್ಥೆ 1862ರಿಂದಲೂ ಇದೆ.

ಆದರೆ ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್ ವೀಸಾದವರಿಗೆ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಪಟ್ಟಿ ಮಾಡಿದ ಸರ್ಕಾರಿ ನೆರವುಗಳನ್ನು ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ. ಕೌನ್ಸಿಲ್ ಹಂಚುವ ಮನೆಯೂ ಆ ಪಟ್ಟಿಯಲ್ಲಿದೆ. ಷರತ್ತು ಮುರಿದರೆ ವೀಸಾಕ್ಕೇ ಸಂಚಕಾರ. ಅಂಥವರು ಕೆಲವು ಅಸೋಸಿಯೇಷನ್‌ಗಳು ಮಾರುಕಟ್ಟೆ ದರಕ್ಕೆ ಕೊಡುವ ಮನೆ ವಿಚಾರಿಸಲಿ. ಐಎಲ್‌ಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಪಡೆದವರು, ಬ್ರಿಟಿಷ್ ಪೌರತ್ವ ಇರುವವರು ಮುಂದೆ ಓದಿ.

ಅಸೋಸಿಯೇಷನ್ ಮನೆಗಳೂ ಹೆಚ್ಚಾಗಿ ಕೌನ್ಸಿಲ್ ಮೂಲಕವೇ ಹಂಚಿಕೆಯಾಗುವುದರಿಂದ ನಿಮ್ಮ ಊರಿನ ಕೌನ್ಸಿಲ್ಲಿನ ‘ಹೌಸಿಂಗ್ ರಿಜಿಸ್ಟರ್’ಗೆ ಅರ್ಜಿ ಹಾಕಿ. ಆ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಆದಾಯವೆಷ್ಟು, ಮನೆಯಲ್ಲಿ ಎಷ್ಟು ಜನ ಎಂಬುದಕ್ಕೆಲ್ಲ ದಾಖಲೆ ಕೇಳುತ್ತಾರೆ. ಕಾಯಿಲೆ, ಇಕ್ಕಟ್ಟಿನ ಮನೆ ಇದ್ದರೆ ಡಾಕ್ಟರ್ ಪತ್ರ ಸಮೇತ ಬರೆಯಿರಿ, ಸಂಕೋಚ ಬೇಡ. ನಿಮ್ಮನ್ನು ಆದ್ಯತೆಯ ಯಾವ ‘ಬ್ಯಾಂಡ್’ಗೆ ಹಾಕಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಆಮೇಲೆ ಖಾಲಿ ಮನೆಗಳ ಪಟ್ಟಿ ನೋಡಿ ‘ಬಿಡ್’ ಹಾಕುವುದು. ಇದಕ್ಕೆ ದುಡ್ಡಿಲ್ಲ, ಬ್ಯಾಂಡ್ ಮತ್ತು ಕಾದ ಅವಧಿ ಮಾತ್ರ ಲೆಕ್ಕ. ಲಂಡನ್ನಿನಲ್ಲಿ ವರ್ಷಗಟ್ಟಲೆ ಕಾಯಬೇಕಾದೀತು.

ಮನೆ ಸಿಕ್ಕಾಗ ಒಂದು ವಾರದ ಅಥವಾ ತಿಂಗಳ ಬಾಡಿಗೆ ಮುಂಗಡ ಕೇಳುವುದುಂಟು. ಮೊದಲ ವರ್ಷ ಸಾಮಾನ್ಯವಾಗಿ ಪರೀಕ್ಷಾ ಅವಧಿ. ಬಾಡಿಗೆ ಬಾಕಿ ಉಳಿಸಬೇಡಿ. ಎಷ್ಟೋ ಮನೆಗಳಲ್ಲಿ ಒಲೆಯಿರಲಿ, ನೆಲಕ್ಕೆ ಕಾರ್ಪೆಟ್ಟೂ ಇರುವುದಿಲ್ಲ. ಅದಕ್ಕೂ ದುಡ್ಡು ಎತ್ತಿಡಿ.

ಬೀಗದ ಕೈ ತೆಗೆದುಕೊಳ್ಳುವ ದಿನವೇ ಗೋಡೆ, ಕಿಟಕಿಗಳ ಫೋಟೊ ತೆಗೆದಿಡಿ. ಅಲ್ಲಿನ ಚಳಿಗಾಲದಲ್ಲಿ ಬೂಷ್ಟು ದೊಡ್ಡ ಕಾಟ. ‘ನೀವು ಒಳಗೆ ಬಟ್ಟೆ ಒಣಗಿಸುತ್ತೀರಿ, ಅಡುಗೆ ಆವಿ ಬಿಡುತ್ತೀರಿ’ ಎಂದು ಬಾಡಿಗೆದಾರರ ಮೇಲೇ ತಪ್ಪು ಹೊರಿಸುವುದು ಅಲ್ಲಿ ಹಳೆಯ ಚಾಳಿ. ಅದನ್ನು ಒಪ್ಪಿ ಸುಮ್ಮನಾಗಬೇಡಿ. ಬೂಷ್ಟು ಹಿಡಿದ ಫ್ಲಾಟಿನಲ್ಲಿದ್ದು 2020ರಲ್ಲಿ ತೀರಿಕೊಂಡ ರಾಚ್‌ಡೇಲಿನ ಎರಡು ವರ್ಷದ ಮಗು ಅವಾಬ್ ಇಷಾಕ್ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತೀವ್ರ ತೇವ, ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು.

ದೂರನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಮಾಡಿ. ಅಸೋಸಿಯೇಷನ್ನಿನಲ್ಲಿ ದೂರಿಗೆ ಎರಡು ಹಂತಗಳಿವೆ. ಎರಡನೆಯ ಉತ್ತರವೂ ಸರಿಹೋಗದಿದ್ದರೆ ಹೌಸಿಂಗ್ ಓಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.