ಸಾಲದ ಮಾಹಿತಿ ಮತ್ತು ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆ

ನಮ್ಮ ಬೆಳೆಗಾರರ ಮನೆಗಳಲ್ಲಿ ಮಕ್ಕಳ ಪೈಕಿ ಒಬ್ಬರಾದರೂ ಬೆಂಗಳೂರಿನಲ್ಲಿ ನೆಲೆಸಿರುವುದು ಈಗ ಸಾಮಾನ್ಯ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಬಡಾವಣೆಗಳಲ್ಲಿ ಮಗನೋ ಮಗಳೋ ಮನೆ ಕೊಳ್ಳಲು ಹೊರಟಾಗ ತೋಟದಲ್ಲಿರುವ ತಂದೆಯವರು ಜಾಮೀನುದಾರರಾಗಿ ರುಜು ಹಾಕುವುದೂ ಉಂಟು. ಆಗ ಬ್ಯಾಂಕಿನವರು ಮೊದಲು ತರಿಸಿ ನೋಡುವುದು ಪಹಣಿಯನ್ನಲ್ಲ. ಜನರ ಬಾಯಲ್ಲಿ ‘ಸಿಬಿಲ್’ ಎನಿಸಿಕೊಂಡಿರುವ ಸಾಲ ಮಾಹಿತಿ ವರದಿಯನ್ನು. ಎಂದೋ ತೀರಿಸಿದ ಬೆಳೆಸಾಲವು ಅದರಲ್ಲಿ ಸುಸ್ತಿಯೆಂದೇ ಉಳಿದಿದ್ದರೆ ಹೊಸ ಸಾಲ ನಿಂತುಹೋಗಬಹುದು. ಮನೆಗೆ ಕೊಟ್ಟ ಮುಂಗಡವೂ ಅಪಾಯಕ್ಕೆ ಸಿಲುಕಬಹುದು. ಆದ್ದರಿಂದ ಈ ವರದಿಯನ್ನು ಇಡುವವರು ಯಾರು, ಅವರ ಮೇಲೆ ಹಿಡಿತವುಳ್ಳವರು ಯಾರು ಎಂಬುದನ್ನು ಸದಸ್ಯರು ಅರಿತಿರುವುದು ಅಗತ್ಯ.

ವರದಿಯನ್ನು ಸಿದ್ಧಪಡಿಸುವವರು ಸರ್ಕಾರದವರಲ್ಲ. ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ಈ ಕೆಲಸ ಮಾಡುತ್ತವೆ. ಸಾಲ ಕೊಟ್ಟ ಬ್ಯಾಂಕುಗಳು ಕಳುಹಿಸುವ ಲೆಕ್ಕವನ್ನು ಅವು ಒಟ್ಟುಗೂಡಿಸಿ, 300ರಿಂದ 900ರವರೆಗಿನ ಅಂಕವನ್ನು ಕಟ್ಟುತ್ತವೆ. ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಲೆಕ್ಕ ಕಳುಹಿಸಬೇಕೆಂಬ ನಿಯಮವು 2025ರ ಜನವರಿಯಲ್ಲಿ ಜಾರಿಗೆ ಬಂದಿತು. ಜಾಮೀನು ನಿಂತ ಸಾಲವೂ ಜಾಮೀನುದಾರನ ವರದಿಯಲ್ಲಿ ಸೇರುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಈ ಕಂಪನಿಗಳಿಗೆ ಪರವಾನಗಿ ಕೊಟ್ಟು ಅವುಗಳ ಮೇಲ್ವಿಚಾರಣೆ ನಡೆಸುವ ಅಧಿಕಾರವನ್ನು 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆಯು ರಿಸರ್ವ್ ಬ್ಯಾಂಕಿಗೆ ಒಪ್ಪಿಸಿದೆ. ಈ ಪಾತ್ರವನ್ನು ನಮ್ಮ ಅಡಿಕೆ ಮಂಡಿಯ ನಿದರ್ಶನದಿಂದ ಸುಲಭವಾಗಿ ತಿಳಿಯಬಹುದು. ತೂಕ ಮತ್ತು ಅಳತೆ ಇಲಾಖೆಯವರು ಬಂದು ತಕ್ಕಡಿಗೆ ಮುದ್ರೆ ಹಾಕುತ್ತಾರೆ. ಅಡಿಕೆ ತೂಗುವುದಿಲ್ಲ, ದರ ಕಟ್ಟುವುದಿಲ್ಲ. ಹಾಗೆಯೇ ರಿಸರ್ವ್ ಬ್ಯಾಂಕು ಯಾರಿಗೂ ಅಂಕ ಕೊಡುವುದಿಲ್ಲ, ಇಂಥವರಿಗೆ ಸಾಲ ಕೊಡಿ ಎಂದು ಹೇಳುವುದೂ ಇಲ್ಲ. ಲೆಕ್ಕ ಸರಿಯಾಗಿರಬೇಕು, ತಪ್ಪಿದ್ದರೆ ವಾಯಿದೆಯೊಳಗೆ ತಿದ್ದಬೇಕು ಎಂದು ಕಟ್ಟುಪಾಡು ಮಾಡುತ್ತದೆ. ತಕ್ಕಡಿಯಲ್ಲಿ ವ್ಯತ್ಯಾಸವಿದೆಯೆಂದು ಹೇಳಬೇಕಾದವನು ಮಾಲು ತಂದ ಬೆಳೆಗಾರನೇ.

ಈ ಕಟ್ಟುಪಾಡುಗಳಿಂದ ಸದಸ್ಯರಿಗೆ ದೊರೆಯುವ ಮುಖ್ಯ ಹಕ್ಕುಗಳು ಹೀಗಿವೆ:

1. 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕಸಹಿತ ಉಚಿತವಾಗಿ ಕೊಡಬೇಕು.

2. ತಪ್ಪು ಕಂಡರೆ ಸಾಲ ಕೊಟ್ಟ ಬ್ಯಾಂಕಿಗಾಗಲಿ ಮಾಹಿತಿ ಕಂಪನಿಗಾಗಲಿ ದೂರು ಕೊಡಬಹುದು. 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಇದರಲ್ಲಿ ಬ್ಯಾಂಕಿಗೆ ಸಿಗುವ ಅವಧಿ 21 ದಿನ.

3. 30 ದಿನ ಮೀರಿದರೆ, ಮೀರಿದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಸಲ್ಲಬೇಕು. ಈ ನಿಯಮವು 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ತಿದ್ದುಪಡಿಯನ್ನು ನಿರಾಕರಿಸಿದರೆ ಕಾರಣವನ್ನು ತಿಳಿಸಬೇಕು.

4. ಅಷ್ಟಾದರೂ ನ್ಯಾಯ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಮಾಹಿತಿ ಕಂಪನಿಗಳನ್ನು 2022ರ ಸೆಪ್ಟೆಂಬರಿನಿಂದ ಈ ವ್ಯವಸ್ಥೆಗೆ ಒಳಪಡಿಸಲಾಗಿದೆ. ಇದಕ್ಕೆ ಶುಲ್ಕವಿಲ್ಲ, ದೂರವಾಣಿ ಸಂಖ್ಯೆ 14448ರಲ್ಲಿ ವಿವರ ಪಡೆಯಬಹುದು. ಆದರೆ ಮೊದಲು ಸಂಬಂಧಪಟ್ಟ ಸಂಸ್ಥೆಗೆ ದೂರು ಕೊಟ್ಟಿರಲೇಬೇಕು.

ಇಲ್ಲಿ ಎರಡು ಮಿತಿಗಳನ್ನು ಮರೆಯಬಾರದು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ರಿಸರ್ವ್ ಬ್ಯಾಂಕಿನ ನೇರ ಹತೋಟಿಯಲ್ಲಿಲ್ಲ; ಸಂಘದ ಲೆಕ್ಕದಲ್ಲಿ ತಕರಾರಿದ್ದರೆ ಮೊದಲು ಸಂಘಕ್ಕೆ, ನಂತರ ಸಹಕಾರ ಇಲಾಖೆಗೆ ಬರೆಯಬೇಕಾಗುತ್ತದೆ. ಎರಡನೆಯದಾಗಿ, ನಿಜವಾದ ನಮೂದನ್ನು ಅಳಿಸಲು ಯಾರಿಗೂ ಸಾಧ್ಯವಿಲ್ಲ. ಕೊಳೆರೋಗದಿಂದ ಫಸಲು ಹೋದ ವರ್ಷ ಬಡ್ಡಿ ರಿಯಾಯಿತಿ ಪಡೆದು ಒಂದೇ ಬಾರಿಗೆ ತೀರುವಳಿ ಮಾಡಿಕೊಂಡ ಸಾಲವು ‘ಪೂರ್ತಿ ಸಂದಿದೆ’ ಎಂದಲ್ಲ, ‘ರಾಜಿಯಲ್ಲಿ ತೀರಿದೆ’ ಎಂಬರ್ಥದಲ್ಲಿ ದಾಖಲಾಗುತ್ತದೆ. ಮುಂದೆ ಸಾಲ ಕೊಡುವವರು ಇದನ್ನು ಗಮನಿಸುತ್ತಾರೆ. ತೀರುವಳಿಗೆ ಒಪ್ಪುವ ಮೊದಲೇ ಈ ವಿಷಯವನ್ನು ಬ್ಯಾಂಕಿನಲ್ಲಿ ವಿಚಾರಿಸುವುದು ಒಳ್ಳೆಯದು. ಹಣ ಕೊಟ್ಟರೆ ಅಂಕ ಏರಿಸಿಕೊಡುತ್ತೇವೆ ಎನ್ನುವ ಮಧ್ಯಸ್ಥರ ಮಾತಿಗೆ ಮರುಳಾಗಬಾರದು.

ಮಕ್ಕಳು ಸಾಲಕ್ಕೆ ಅರ್ಜಿ ಹಾಕುವ ಎರಡು ಮೂರು ತಿಂಗಳ ಮೊದಲೇ ಅವರ ವರದಿಯನ್ನೂ ತಮ್ಮ ವರದಿಯನ್ನೂ ತರಿಸಿ ನೋಡುವುದು ಕ್ಷೇಮ. ತಿದ್ದುಪಡಿಗೆ 30 ದಿನ ಬೇಕಾದೀತು. ಕ್ರಯದ ಕರಾರು ಅಷ್ಟು ದಿನ ಕಾಯಲಾರದು. ಸಾಲ ತೀರಿಸಿದ ದಿನವೇ ಬೇಬಾಕಿ ಪತ್ರ ಪಡೆದು ತೋಟದ ದಾಖಲೆಗಳೊಡನೆ ಜೋಪಾನವಾಗಿ ಇಡಬೇಕೆಂದೂ, ದೂರು ಕೊಟ್ಟಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಬೇಕೆಂದೂ ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ.